ಮಗು ಎಚ್‌ಡಿಯುನಲ್ಲಿದ್ದಾಗ ತಂದೆ-ತಾಯಿಗೆ ನೆರವಾಗುವುದು ಹೇಗೆ?

ಮಗುವನ್ನು ಆಸ್ಪತ್ರೆಯ ಎಚ್‌ಡಿಯುಗೆ ಸೇರಿಸಿದ್ದಾರೆ ಎಂಬ ಸುದ್ದಿ ಬಂದ ಕೂಡಲೇ ಬಂಧುಗಳೂ ಸಮಾಜ ಬಾಂಧವರೂ ಧಾವಿಸುತ್ತಾರೆ. ಒಬ್ಬರು ಹಣ್ಣು ತರುತ್ತಾರೆ, ಇನ್ನೊಬ್ಬರು ಬಸದಿಯಿಂದ ಗಂಧೋದಕ ತರುತ್ತಾರೆ, ಮತ್ತೊಬ್ಬರು ತಮಗೆ ಗೊತ್ತಿರುವ ವೈದ್ಯರ ಹೆಸರು ಹೇಳುತ್ತಾರೆ. ಎಲ್ಲರ ಮನಸ್ಸೂ ಒಳ್ಳೆಯದೇ. ಆದರೂ ಎರಡು ದಿನ ಕಳೆಯುವಷ್ಟರಲ್ಲಿ ತಾಯಿ ಹೊಟ್ಟೆತುಂಬ ಊಟ ಮಾಡಿರುವುದಿಲ್ಲ, ತಂದೆ ಕಣ್ಣು ಮುಚ್ಚಿರುವುದಿಲ್ಲ. ಬಂದವರಿಗೆಲ್ಲ ಅದೇ ಮಾತನ್ನು ಮತ್ತೆ ಮತ್ತೆ ಹೇಳಿ ಇಬ್ಬರೂ ಸೋತಿರುತ್ತಾರೆ. ಅದೇ ಹೊತ್ತಿಗೆ ವೈದ್ಯರು ಬಂದು ಚಿಕಿತ್ಸೆಯ ಬಗ್ಗೆ ವಿವರಿಸಿ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ.

ಮಗುವಿನ ಆರೈಕೆಯನ್ನು ವೈದ್ಯರು ಮತ್ತು ನರ್ಸ್‌ಗಳು ನೋಡಿಕೊಳ್ಳುತ್ತಾರೆ. ತಂದೆ-ತಾಯಿಯ ಆರೈಕೆ ಮಾಡಲು ಆಸ್ಪತ್ರೆಯಲ್ಲಿ ಯಾರೂ ಇರುವುದಿಲ್ಲ. ಆ ಕೆಲಸ ಬಂಧುಗಳದು ಮತ್ತು ಸಮಾಜದ್ದು. ಹೆತ್ತವರ ಹೊಟ್ಟೆ, ನಿದ್ದೆ, ಮನಸ್ಸು ಸರಿಯಾಗಿದ್ದರೆ ಅವರು ವೈದ್ಯರ ಮಾತನ್ನು ಸರಿಯಾಗಿ ಕೇಳಿಸಿಕೊಂಡು ಸರಿಯಾದ ನಿರ್ಧಾರ ತೆಗೆದುಕೊಳ್ಳುತ್ತಾರೆ. ಅದರ ಪ್ರಯೋಜನ ನೇರವಾಗಿ ಮಗುವಿಗೆ ಸಿಗುತ್ತದೆ.

ಎಚ್‌ಡಿಯು ಎಂದರೇನು?

ಹೈ ಡಿಪೆಂಡೆನ್ಸಿ ಯೂನಿಟ್ ಎಂಬುದರ ಸಂಕ್ಷಿಪ್ತ ರೂಪವೇ ಎಚ್‌ಡಿಯು. ಇದು ಸಾಮಾನ್ಯ ವಾರ್ಡ್ ಮತ್ತು ಐಸಿಯು ಇವುಗಳ ನಡುವಿನ ಘಟಕ. ಮಗುವಿಗೆ ವೆಂಟಿಲೇಟರ್‌ನಂಥ ದೊಡ್ಡ ಆಧಾರ ಬೇಕಿಲ್ಲ, ಆದರೆ ವಾರ್ಡ್‌ನಲ್ಲಿ ಬಿಡುವಷ್ಟು ಸುಧಾರಿಸಿಯೂ ಇಲ್ಲ ಎಂಬ ಸ್ಥಿತಿಯಲ್ಲಿ ಇಲ್ಲಿ ಇರಿಸುತ್ತಾರೆ. ವಾರ್ಡ್‌ಗಿಂತ ಇಲ್ಲಿ ನರ್ಸ್‌ಗಳ ಸಂಖ್ಯೆ ಹೆಚ್ಚು. ಮಗುವಿನ ಮೇಲೆ ಸತತ ನಿಗಾ ಇರುತ್ತದೆ. ನ್ಯುಮೋನಿಯಾ, ತೀವ್ರ ಉಬ್ಬಸ, ಎಳೆಮಕ್ಕಳ ಉಸಿರಾಟದ ಸೋಂಕು, ಡೆಂಗಿ, ಬಿಟ್ಟು ಬಿಟ್ಟು ಬರುವ ಫಿಟ್ಸ್, ಸಕ್ಕರೆ ಕಾಯಿಲೆ ಉಲ್ಬಣಿಸಿದ ಸ್ಥಿತಿ, ದೊಡ್ಡ ಶಸ್ತ್ರಚಿಕಿತ್ಸೆಯ ನಂತರದ ದಿನಗಳು ಇವು ಮಕ್ಕಳು ಎಚ್‌ಡಿಯು ಸೇರುವ ಸಾಮಾನ್ಯ ಕಾರಣಗಳು.

ಹಾಸಿಗೆಯ ಪಕ್ಕದ ಮಾನಿಟರ್‌ನಲ್ಲಿ ಹೃದಯ ಬಡಿತ, ಉಸಿರಾಟದ ವೇಗ, ರಕ್ತದಲ್ಲಿನ ಆಮ್ಲಜನಕದ ಪ್ರಮಾಣ, ರಕ್ತದೊತ್ತಡ ಕಾಣಿಸುತ್ತವೆ. ಆಗಾಗ ಅದು ಕೂಗುತ್ತದೆ. ಮಗು ಕೈ ಅಲ್ಲಾಡಿಸಿ ಬೆರಳಿನ ಕ್ಲಿಪ್ ಸಡಿಲವಾದರೂ ಕೂಗುತ್ತದೆ. ತಂದೆ-ತಾಯಿ ಮಗುವಿನ ಮುಖ ಬಿಟ್ಟು ಆ ಅಂಕಿಗಳನ್ನೇ ನೋಡುತ್ತ ಕೂರುವುದು ಸಾಮಾನ್ಯ. ಯಾವ ಅಂಕಿ ಎಷ್ಟಿದ್ದರೆ ಈ ಮಗುವಿಗೆ ಸರಿ ಎಂದು ನರ್ಸ್ ಬಳಿ ಒಮ್ಮೆ ಕೇಳಿ ತಿಳಿದುಕೊಂಡರೆ ಅರ್ಧ ಭಯ ಕಡಿಮೆಯಾಗುತ್ತದೆ. ಅಂತರ್ಜಾಲದಲ್ಲಿ ಹುಡುಕಿ ಅಂಕಿಗಳ ಅರ್ಥ ಹೇಳುವ ಬಂಧುಗಳಿಂದ ಭಯ ಇಮ್ಮಡಿಯಾಗುತ್ತದೆ.

ವೈಯಾವೃತ್ಯದ ಕೆಲಸ

ತತ್ತ್ವಾರ್ಥಸೂತ್ರದ 9ನೇ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಆರು ಅಂತರಂಗ ತಪಸ್ಸುಗಳನ್ನು ಹೇಳುವಾಗ ಪ್ರಾಯಶ್ಚಿತ್ತ, ವಿನಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನಗಳ ಜತೆಗೆ ವೈಯಾವೃತ್ಯವನ್ನೂ ಎಣಿಸಿದ್ದಾರೆ. ಯಾರ ಸೇವೆ ಎಂಬ ಪಟ್ಟಿಯಲ್ಲಿ ಗ್ಲಾನ, ಅಂದರೆ ರೋಗದಿಂದ ಬಳಲುವವರೂ ಇದ್ದಾರೆ. ಆ ಸೂತ್ರ ಮುಖ್ಯವಾಗಿ ಮುನಿಸಂಘವನ್ನು ಕುರಿತದ್ದು. ಶ್ರಾವಕರ ಮಟ್ಟಿಗೆ ಅದೇ ಭಾವ ಚತುರ್ವಿಧ ದಾನಗಳಲ್ಲಿ ಆಹಾರದಾನ, ಔಷಧದಾನ, ಅಭಯದಾನವಾಗಿ ಬರುತ್ತದೆ. ಎಚ್‌ಡಿಯು ಹೊರಗಿನ ಕಾರಿಡಾರ್‌ನಲ್ಲಿ ಈ ಮೂರಕ್ಕೂ ಅವಕಾಶವಿದೆ. ಊಟ ತಲುಪಿಸುವುದು ಆಹಾರದಾನ, ಔಷಧದ ಖರ್ಚಿಗೆ ನೆರವಾಗುವುದು ಔಷಧದಾನ, ಹೆದರಿದ ಹೆತ್ತವರ ಪಕ್ಕ ಸುಮ್ಮನೆ ಕೂರುವುದೂ ಒಂದು ಬಗೆಯ ಅಭಯದಾನವೇ.

ಊಟ: ಸೂರ್ಯಾಸ್ತಕ್ಕೆ ಮೊದಲು ತಲುಪಲಿ

ಜೈನ ಕುಟುಂಬಗಳಿಗೆ ಆಸ್ಪತ್ರೆಯಲ್ಲಿ ಊಟದ್ದೇ ದೊಡ್ಡ ತೊಡಕು. ಕ್ಯಾಂಟೀನ್‌ನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಪದಾರ್ಥ ಸಿಗುವುದು ಕಷ್ಟ. ರಾತ್ರಿಭೋಜನ ತ್ಯಾಗ ಮಾಡಿದವರಿಗೆ ಇನ್ನೊಂದು ಕಷ್ಟವಿದೆ. ಡಿಸೆಂಬರ್ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಸಂಜೆ 6 ಗಂಟೆಯ ಆಸುಪಾಸಿಗೇ ಸೂರ್ಯಾಸ್ತ. ಅನೇಕ ಆಸ್ಪತ್ರೆಗಳಲ್ಲಿ ಭೇಟಿಯ ಸಮಯವೂ ವೈದ್ಯರ ಸಂಜೆಯ ರೌಂಡ್ಸ್ ಕೂಡ ಅದೇ ಹೊತ್ತಿಗೆ. ವೈದ್ಯರಿಗಾಗಿ ಕಾದು ಕುಳಿತ ತಾಯಿ ಹೊರಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಮಧ್ಯಾಹ್ನ ಏನೋ ತಿಂದವರು ಮರುದಿನ ಬೆಳಗಿನವರೆಗೆ ಖಾಲಿ ಹೊಟ್ಟೆಯಲ್ಲೇ ಇರುತ್ತಾರೆ. ಇದು ನಾಲ್ಕು ದಿನ ನಡೆದರೆ ಅವರೇ ಹಾಸಿಗೆ ಹಿಡಿಯುತ್ತಾರೆ.

ಆದ್ದರಿಂದ ಊಟ ತರುವವರು ಸಂಜೆ ನಾಲ್ಕೂವರೆಗೆ ಆಸ್ಪತ್ರೆ ತಲುಪುವಂತೆ ನೋಡಿಕೊಳ್ಳುವುದು ಒಳ್ಳೆಯದು. ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಉಂಡು, ಆಮೇಲೆ ಜಾಗ ಬದಲಿಸಬಹುದು. ಚಪಾತಿ, ಜೋಳದ ರೊಟ್ಟಿ, ಹೆಸರುಬೇಳೆ ತೊವ್ವೆ, ಮೊಸರನ್ನ, ಅವಲಕ್ಕಿಯಂಥ ಸರಳ ಪದಾರ್ಥಗಳು ಸಾಕು. ಕಾಯಿಸಿ ಆರಿಸಿದ ನೀರನ್ನೇ ಕುಡಿಯುವವರಿಗೆ ದೊಡ್ಡ ಫ್ಲಾಸ್ಕ್‌ನಲ್ಲಿ ನೀರು ಬೇಕು. ಏನು ತರಲಿ ಎಂದು ಪ್ರತಿದಿನ ಫೋನ್ ಮಾಡಿ ಕೇಳುವುದಕ್ಕಿಂತ ಅವರ ನಿಯಮಗಳನ್ನು ಒಮ್ಮೆ ತಿಳಿದುಕೊಂಡು, ಯಾವ ದಿನ ಯಾರ ಮನೆಯ ಊಟ ಎಂದು ನಾಲ್ಕೈದು ಮನೆಯವರು ತಮ್ಮೊಳಗೇ ಹಂಚಿಕೊಂಡರೆ ಹೆತ್ತವರಿಗೆ ಆ ಯೋಚನೆಯೇ ಇರುವುದಿಲ್ಲ. ಪಾತ್ರೆಗಳನ್ನು ತೊಳೆದು ಹಿಂದಿರುಗಿಸುವ ಹೊರೆಯನ್ನೂ ಅವರ ಮೇಲೆ ಹಾಕಬಾರದು.

ಮಗು ಗುಣವಾಗುವವರೆಗೆ ಉಪವಾಸ ಇರುತ್ತೇನೆ ಎಂದು ತಾಯಿ ಸಂಕಲ್ಪ ಮಾಡುವುದುಂಟು. ಅದನ್ನು ಎಲ್ಲರೆದುರು ಚರ್ಚೆಗೆ ಎಳೆಯದೆ, ಅವರು ಗೌರವಿಸುವ ಹಿರಿಯರೊಬ್ಬರು ಮೆಲ್ಲಗೆ ಮಾತನಾಡಿ ಆಹಾರ ಬಿಡುವ ಬದಲು ಜಪ, ಸಾಮಾಯಿಕ, ಒಂದು ರಸತ್ಯಾಗದಂಥ ನಿಯಮ ಸಾಕೆಂದು ಒಪ್ಪಿಸಬಹುದು. ಹಾಲುಣಿಸುವ ತಾಯಿಯಾದರೆ ಇದು ಇನ್ನೂ ಮುಖ್ಯ. ಹಾಗೆಯೇ, ಅನಿವಾರ್ಯವಾಗಿ ರಾತ್ರಿ ಎರಡು ಬಿಸ್ಕತ್ತು ತಿಂದ ತಂದೆಯನ್ನು ಯಾರೂ ಪ್ರಶ್ನಿಸಬೇಕಿಲ್ಲ.

ನಿದ್ದೆ ಮತ್ತು ಸರದಿ

ಎಚ್‌ಡಿಯುನಲ್ಲಿ ಸಾಮಾನ್ಯವಾಗಿ ಒಬ್ಬರನ್ನು ಮಾತ್ರ ಮಗುವಿನ ಬಳಿ ಬಿಡುತ್ತಾರೆ. ಹೆಚ್ಚಾಗಿ ತಾಯಿ ಒಳಗೆ, ತಂದೆ ಹೊರಗಿನ ಕುರ್ಚಿಯಲ್ಲಿ. ಔಷಧ ತರುವುದು, ಲ್ಯಾಬ್‌ಗೆ ಓಡುವುದು, ಬಿಲ್ ಕಟ್ಟುವುದು ತಂದೆಯ ಪಾಲಿಗೆ. ಗಂಡಸರು ಗಟ್ಟಿಯಾಗಿರಬೇಕು ಎಂಬ ಮಾತಿನಿಂದಾಗಿ ಅವರು ಅಳುವುದೂ ಇಲ್ಲ, ಆಯಾಸ ಎಂದು ಹೇಳುವುದೂ ಇಲ್ಲ. ಅಣ್ಣ ತಮ್ಮ, ಭಾವ, ಸ್ನೇಹಿತ ಯಾರಾದರೂ ಒಬ್ಬರು ಔಷಧಿ ಅಂಗಡಿಯ ಓಡಾಟವನ್ನು ವಹಿಸಿಕೊಂಡರೆ ತಂದೆಗೆ ಮೂರ್ನಾಲ್ಕು ಗಂಟೆ ಮಲಗಲು ಆಗುತ್ತದೆ.

ಅಥಣಿ, ಹುನಗುಂದ, ಕಾರ್ಕಳದಂಥ ಊರುಗಳಿಂದ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಂಗಳೂರಿನ ಆಸ್ಪತ್ರೆಗಳಿಗೆ ಬರುವ ಕುಟುಂಬಗಳಿಗೆ ಸ್ನಾನ ಮಾಡಿ ಬಟ್ಟೆ ಬದಲಿಸಲೂ ಜಾಗವಿರುವುದಿಲ್ಲ. ಆಸ್ಪತ್ರೆಗೆ ಹತ್ತಿರದಲ್ಲಿ ಮನೆ ಇರುವ ಸಮಾಜ ಬಾಂಧವರು ಒಂದು ಕೋಣೆಯ ಕೀಲಿ ಕೊಟ್ಟರೆ ಅದು ಬಹುದೊಡ್ಡ ಉಪಕಾರ. ಊರಿನ ಬಸದಿ ಸಮಿತಿ, ಮಹಿಳಾ ಮಂಡಳ, ಯುವಕ ಮಂಡಳಗಳು ಇಂಥ ಮನೆಗಳ ಪಟ್ಟಿಯನ್ನು ಮೊದಲೇ ಸಿದ್ಧವಿಟ್ಟುಕೊಂಡರೆ ಹೊತ್ತು ಬಂದಾಗ ಹುಡುಕಾಡಬೇಕಿಲ್ಲ.

ಸುದ್ದಿ ಒಬ್ಬರ ಮೂಲಕ ಹೋಗಲಿ

ದಿನಕ್ಕೆ ಮೂವತ್ತು ಜನ ಫೋನ್ ಮಾಡಿ "ಈಗ ಹೇಗಿದೆ?" ಎಂದು ಕೇಳಿದರೆ ತಾಯಿ ಆ ದುಃಖವನ್ನು ಮೂವತ್ತು ಸಲ ಅನುಭವಿಸುತ್ತಾಳೆ. ಮನೆಯವರು ಒಬ್ಬ ಚಿಕ್ಕಪ್ಪನನ್ನೋ ಸೋದರಮಾವನನ್ನೋ ಈ ಕೆಲಸಕ್ಕೆ ಗೊತ್ತುಮಾಡಿ, ದಿನಕ್ಕೊಮ್ಮೆ ಸಂಜೆ ಅವರೇ ಎಲ್ಲರಿಗೂ ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ತಿಳಿಸುವುದು ಉತ್ತಮ. ಮಗುವಿನ ಫೋಟೊ, ರಿಪೋರ್ಟ್, ಹಾಸಿಗೆ ಸಂಖ್ಯೆಯನ್ನು ಗ್ರೂಪ್‌ಗಳಿಗೆ ಹಾಕಬಾರದು. ಒಮ್ಮೆ ಹರಡಿದ ಚಿತ್ರವನ್ನು ಹಿಂದಕ್ಕೆ ಪಡೆಯಲಾಗದು. ಆ ಮಗು ನಾಳೆ ದೊಡ್ಡದಾಗಿ ಶಾಲೆಗೆ ಹೋಗಬೇಕಾದದ್ದು.

ವೈದ್ಯರ ಮಾತು ಕೇಳುವಾಗ ಹೆತ್ತವರ ಜತೆ ಇನ್ನೊಬ್ಬರಿದ್ದು ಬರೆದುಕೊಂಡರೆ ಒಳ್ಳೆಯದು. ಆತಂಕದಲ್ಲಿ ಕೇಳಿದ್ದರಲ್ಲಿ ಅರ್ಧ ಮರೆತುಹೋಗುತ್ತದೆ. ನಾಲ್ಕು ಪ್ರಶ್ನೆಗಳನ್ನು ದಿನವೂ ಕೇಳಬಹುದು. ಈಗಿನ ಮುಖ್ಯ ತೊಂದರೆ ಏನು? ನಿನ್ನೆಗಿಂತ ಏನು ಬದಲಾಗಿದೆ? ಮುಂದಿನ 24 ಗಂಟೆಯಲ್ಲಿ ಏನನ್ನು ಗಮನಿಸುತ್ತೀರಿ? ವಾರ್ಡ್‌ಗೆ ಕಳಿಸಲು ಏನು ಸುಧಾರಿಸಬೇಕು? ವೈದ್ಯರು ಸ್ಟೇಬಲ್ ಎಂದರೆ ಸದ್ಯಕ್ಕೆ ಸ್ಥಿತಿ ಕೆಡದೆ ಹಾಗೇ ಇದೆ ಎಂದು ಅರ್ಥ. ಅಪಾಯ ದಾಟಿತು ಎಂದುಕೊಂಡು ಊರಿಗೆಲ್ಲ ತಿಳಿಸಿ, ಮರುದಿನ ಮತ್ತೆ ಗಾಬರಿಯಾಗುವುದು ಬೇಡ. ವೈದ್ಯರು ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಹೇಳುವುದು ತಿಳಿಯದಿದ್ದರೆ ಕನ್ನಡದಲ್ಲಿ, ಗಡಿ ಭಾಗದವರಾದರೆ ಮರಾಠಿಯಲ್ಲಿ, ವಿವರಿಸುವವರನ್ನು ಕರೆಸಿ ಎಂದು ಕೇಳಲು ಹಿಂಜರಿಯಬೇಕಿಲ್ಲ.

ಮನೆಗೆ ಕರೆದೊಯ್ಯುವ ಒತ್ತಾಯ ಬೇಡ

ಡೆಂಗಿಯಲ್ಲಿ ಇದು ವಿಶೇಷವಾಗಿ ಮುಖ್ಯ. ಜ್ವರ ಬಿಟ್ಟಿತು, ಇನ್ನೂ ಏಕೆ ಎಚ್‌ಡಿಯು, ಬರೀ ಬಿಲ್ ಏರಿಸುತ್ತಿದ್ದಾರೆ ಎಂದು ಹಿರಿಯರು ಹೇಳುವುದು ಕೇಳಿಬರುತ್ತದೆ. ಆದರೆ ಡೆಂಗಿಯ ಅಪಾಯಕಾಲ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ. ಸಾಮಾನ್ಯವಾಗಿ ಕಾಯಿಲೆಯ 3ರಿಂದ 7ನೇ ದಿನದ ನಡುವೆ 24ರಿಂದ 48 ಗಂಟೆಗಳ ಕಾಲ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವ ಸಂಭವವಿರುತ್ತದೆ. ಆಗ ಮಗುವನ್ನು ಮನೆಗೆ ಒಯ್ಯುವುದು ಪ್ರಾಣಕ್ಕೇ ಕುತ್ತಾಗಬಹುದು. ಎರಡನೇ ವೈದ್ಯರ ಅಭಿಪ್ರಾಯ ಬೇಕೆನಿಸಿದರೆ ಕೇಳುವ ಹಕ್ಕು ಹೆತ್ತವರಿಗಿದೆ. ಅದನ್ನು ಚಿಕಿತ್ಸೆ ನೀಡುವ ವೈದ್ಯರಿಗೆ ತಿಳಿಸಿಯೇ, ರಿಪೋರ್ಟ್‌ಗಳೊಂದಿಗೆ ಕೇಳುವುದು ಸರಿಯಾದ ದಾರಿ.

ಭೇಟಿ, ಗಂಧೋದಕ, ಮಂತ್ರ

ಎಚ್‌ಡಿಯುನಲ್ಲಿರುವ ಮಗುವಿಗೆ ಹೊರಗಿನ ಸಣ್ಣ ನೆಗಡಿಯೂ ದೊಡ್ಡ ತೊಂದರೆ. ಕೆಮ್ಮು, ನೆಗಡಿ, ಜ್ವರ ಇರುವವರು ಎಷ್ಟೇ ಹತ್ತಿರದ ಬಂಧುವಾದರೂ ಹೋಗಬಾರದು. ಹೋದವರು ಸೋಪಿನಿಂದ 40ರಿಂದ 60 ಸೆಕೆಂಡ್ ಕೈ ತೊಳೆಯಬೇಕು. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್ ಉಜ್ಜಬೇಕು. ಹೂವು, ಪ್ರಸಾದ, ಸಿಹಿತಿಂಡಿ ಒಳಗೆ ಒಯ್ಯಬಾರದು. ಮೂಗಿನ ಕೊಳವೆಯಲ್ಲಿ ಆಹಾರ ಪಡೆಯುವ ಮಗುವಿಗೆ, ಸಕ್ಕರೆ ಕಾಯಿಲೆಯ ಮಗುವಿಗೆ ಬಾಯಿಗೆ ಏನನ್ನೂ ಹಾಕುವಂತಿಲ್ಲ.

ಬಸದಿಯಿಂದ ತಂದ ಗಂಧೋದಕವನ್ನು ಮಗುವಿನ ಹಣೆಗೆ ಹಚ್ಚುವ ಆಸೆ ಸಹಜ. ಕೈಗೆ ಡ್ರಿಪ್, ಮೈಗೆ ಗಾಯ, ಹೊಲಿಗೆ ಇರುವ ಮಗುವಿಗೆ ಯಾವ ನೀರು ತಾಗಿದರೂ ಸೋಂಕಿನ ಭಯವಿರುತ್ತದೆ. ಹೊರಗೇ ತಂದೆ-ತಾಯಿ ತಮ್ಮ ತಲೆಗೆ, ಕಣ್ಣಿಗೆ ಒತ್ತಿಕೊಂಡು ಕೈ ತೊಳೆದು ಒಳಗೆ ಹೋಗಬಹುದು. ಣಮೋಕಾರ ಮಂತ್ರಕ್ಕೆ ಇಂಥ ಯಾವ ಅಡ್ಡಿಯೂ ಇಲ್ಲ. ಮಗುವಿನ ಕಿವಿಯ ಬಳಿ ತಾಯಿ ಮೆಲ್ಲಗೆ ಹೇಳಬಹುದು. ಮಂಪರಿನಲ್ಲಿರುವ ಮಗುವಿಗೂ ಪರಿಚಿತ ದನಿ ಮತ್ತು ಸ್ಪರ್ಶ ಸಮಾಧಾನ ಕೊಡುತ್ತವೆ. ಮೊಬೈಲ್‌ನಲ್ಲಿ ಜೋರಾಗಿ ಹಾಕುವುದು ಬೇಡ, ಪಕ್ಕದ ಹಾಸಿಗೆಯಲ್ಲೂ ಒಂದು ಮಗುವಿರುತ್ತದೆ.

ಕರ್ಮದ ಮಾತು

"ಪೂರ್ವಜನ್ಮದ ಕರ್ಮ, ಅನುಭವಿಸಲೇಬೇಕು" ಎಂಬ ಮಾತು ಆಸ್ಪತ್ರೆಯ ಬಾಗಿಲಲ್ಲಿ ಎಷ್ಟೋ ಸಲ ಕೇಳಿಬರುತ್ತದೆ. ಸಮಾಧಾನ ಹೇಳಲೆಂದು ಬಂದ ಮಾತು ತಾಯಿಯ ಕಿವಿಗೆ ಆರೋಪವಾಗಿ ಕೇಳುತ್ತದೆ. "ಮೊದಲೇ ಕರೆದುಕೊಂಡು ಬರಬಾರದಿತ್ತೇ?", "ಮಳೆಯಲ್ಲಿ ಆಡಲು ಏಕೆ ಬಿಟ್ಟೆ?" ಎಂಬ ಪ್ರಶ್ನೆಗಳೂ ಹಾಗೆಯೇ. ವೇದನೆಗೆ ಅಸಾತಾವೇದನೀಯ ಕರ್ಮ ಕಾರಣ ಎನ್ನುವ ತತ್ತ್ವಾರ್ಥಸೂತ್ರವೇ ಅದರ 6ನೇ ಅಧ್ಯಾಯದಲ್ಲಿ ಆ ಕರ್ಮದ ಆಸ್ರವಕ್ಕೆ ಕಾರಣಗಳನ್ನೂ ಹೇಳಿದೆ. ತನ್ನಲ್ಲಾಗಲಿ ಪರರಲ್ಲಾಗಲಿ ದುಃಖ, ಶೋಕ, ಪರಿತಾಪ ಉಂಟುಮಾಡುವುದು ಅವುಗಳಲ್ಲಿ ಸೇರಿದೆ. ನೊಂದ ತಾಯಿಗೆ ಕರ್ಮದ ಲೆಕ್ಕ ಹೇಳುವವರು ಇದನ್ನು ನೆನಪಿಡಬೇಕು.

"ಏನೂ ಆಗಲ್ಲ ಬಿಡಿ" ಎಂಬ ಭರವಸೆಯನ್ನೂ ಯಾರೂ ಕೊಡಲಾಗದು. "ನಾನು ಇಲ್ಲೇ ಇದ್ದೇನೆ, ನೀವು ಊಟ ಮಾಡಿ ಬನ್ನಿ" ಎಂದರೆ ಸಾಕು.

ಪ್ರಾಣಿಮೂಲದ ಔಷಧಗಳ ಪ್ರಶ್ನೆ

ಅಹಿಂಸೆಯನ್ನು ಪಾಲಿಸುವ ಕುಟುಂಬಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ಶ್ವಾಸಕೋಶಕ್ಕೆ ಕೊಡುವ ಸರ್ಫ್ಯಾಕ್ಟಂಟ್ ಸಾಮಾನ್ಯವಾಗಿ ಪ್ರಾಣಿಮೂಲದವು. ಅನೇಕ ಕ್ಯಾಪ್ಸೂಲ್‌ಗಳ ಹೊದಿಕೆಯಲ್ಲಿ ಜೆಲಟಿನ್ ಇರುತ್ತದೆ. ಇಂದಿನ ಇನ್ಸುಲಿನ್ ಬಹುತೇಕ ಜೈವಿಕ ತಂತ್ರಜ್ಞಾನದಿಂದ ಬ್ಯಾಕ್ಟೀರಿಯ ಅಥವಾ ಯೀಸ್ಟ್ ಬಳಸಿ ತಯಾರಾಗುವುದು. ಕ್ಯಾಪ್ಸೂಲ್ ಬದಲು ಸಿರಪ್, ಮಾತ್ರೆ ಇಲ್ಲವೇ ಸಸ್ಯಮೂಲದ ಹೊದಿಕೆಯದು ಸಿಗುವುದೇ ಎಂದು ವೈದ್ಯರನ್ನು ಕೇಳಬಹುದು. ಎಷ್ಟೋ ಸಲ ಸಿಗುತ್ತದೆ. ಮಗುವಿನ ಜೀವ ಉಳಿಸಲು ತುರ್ತಾಗಿ ಬೇಕಾದ ಔಷಧಕ್ಕೆ ಬದಲಿ ಇಲ್ಲದಿದ್ದರೆ ತಡಮಾಡುವಂತಿಲ್ಲ. ಆ ನಿರ್ಧಾರ ಹೆತ್ತವರದು. ಮನಸ್ಸಿಗೆ ಕಸಿವಿಸಿಯಾದರೆ ಮಗು ಗುಣವಾದ ಮೇಲೆ ಗುರುಗಳ ಬಳಿ ಹೇಳಿಕೊಳ್ಳಲು ಸಮಯವಿದೆ. ಬಂಧುಗಳು ಹಾಸಿಗೆಯ ಪಕ್ಕ ಇದನ್ನು ಎತ್ತಬಾರದು.

ಹಣ ಮತ್ತು ರಕ್ತ

ಖಾಸಗಿ ಆಸ್ಪತ್ರೆಯಲ್ಲಿ ಎಚ್‌ಡಿಯು ವೆಚ್ಚ ದಿನದ ಲೆಕ್ಕದಲ್ಲಿ ಏರುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಎಪಿಎಲ್ ಕುಟುಂಬಗಳಿಗೆ ಸರ್ಕಾರ ನಿಗದಿಪಡಿಸಿದ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯೊಳಗೆ ಸಿಗುತ್ತದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ. ನೋಂದಾಯಿತ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಸಿಬ್ಬಂದಿ ಮಾಹಿತಿ ಕೊಡುತ್ತಾರೆ. ರೇಷನ್ ಕಾರ್ಡ್, ಆಧಾರ್, ವಿಮೆಯ ಕಾಗದಗಳನ್ನು ಊರಿನಿಂದ ತರಿಸಿ ಮೊದಲ ದಿನವೇ ಆ ಮೇಜಿನ ಬಳಿ ವಿಚಾರಿಸುವ ಕೆಲಸವನ್ನು ಓದುಬರಹ ಬಲ್ಲ ಯುವಕರೊಬ್ಬರು ವಹಿಸಿಕೊಳ್ಳಬಹುದು.

ಹಣ ಕೊಡುವವರು ಕೇಳುವವರೆಗೆ ಕಾಯದೆ, ಸದ್ದಿಲ್ಲದೆ ತಂದೆಯ ಖಾತೆಗೆ ಹಾಕಿದರೆ ಅವರ ಮಾನವೂ ಉಳಿಯುತ್ತದೆ. ಕೊಟ್ಟವರ ಹೆಸರು, ಮೊತ್ತವನ್ನು ಗ್ರೂಪ್‌ನಲ್ಲಿ ಪ್ರಕಟಿಸಿದರೆ ಆ ಕುಟುಂಬ ವರ್ಷಗಟ್ಟಲೆ ತಲೆ ತಗ್ಗಿಸಿ ನಡೆಯಬೇಕಾಗುತ್ತದೆ.

ರಕ್ತ ಬೇಕೆಂದು ಆಸ್ಪತ್ರೆ ಕೇಳಿದಾಗ ಮಾತ್ರ, ಯಾವ ಗುಂಪು ಮತ್ತು ಎಷ್ಟು ಎಂದು ಖಚಿತಪಡಿಸಿಕೊಂಡು ದಾನಿಗಳನ್ನು ಕರೆಯಬೇಕು. 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕೆ.ಜಿ. ತೂಕದ ಆರೋಗ್ಯವಂತರು ರಕ್ತ ಕೊಡಬಹುದು. ಒಮ್ಮೆ ಕೊಟ್ಟ ಮೇಲೆ ಪುರುಷರು 90 ದಿನ, ಮಹಿಳೆಯರು 120 ದಿನ ಕಾಯಬೇಕು.

ಬಾಣಂತಿ ತಾಯಿ, ಮನೆಯಲ್ಲಿರುವ ಮಕ್ಕಳು

ನವಜಾತ ಶಿಶು ಒಳಗಿದ್ದರೆ ತಾಯಿ ಸ್ವತಃ ಬಾಣಂತಿ. ಆಕೆಯ ಹಾಲು ಶಿಶುವಿಗೆ ಔಷಧದಷ್ಟೇ ಮುಖ್ಯ. ಶಿಶು ಮೊಲೆ ಚೀಪದಿದ್ದರೂ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಹಾಲು ತೆಗೆಯಬೇಕಾಗುತ್ತದೆ. ಅದಕ್ಕೆ ಮರೆಯಿರುವ ಜಾಗ, ಬಿಸಿ ಊಟ, ಬೆನ್ನಿಗೆ ದಿಂಬು ಬೇಕು. ಬಾಣಂತನದ ಪಥ್ಯ, ಸೂತಕದ ಲೆಕ್ಕ ಹೇಳಿ ಆಕೆಯನ್ನು ಶಿಶುವಿನಿಂದ ದೂರ ಇಡಬಾರದು.

ಮನೆಯಲ್ಲಿ ಉಳಿದ ಅಕ್ಕ, ಅಣ್ಣಂದಿರನ್ನು ಎಲ್ಲರೂ ಮರೆಯುತ್ತಾರೆ. ತಮ್ಮನೊಡನೆ ಜಗಳವಾಡಿದ್ದರಿಂದಲೇ ಅವನಿಗೆ ಹೀಗಾಯಿತು ಎಂದು ಪುಟ್ಟ ಮಗು ಅಂದುಕೊಳ್ಳುವುದುಂಟು. "ತಮ್ಮನಿಗೆ ಉಸಿರಾಡಲು ಕಷ್ಟವಾಗಿದೆ, ಡಾಕ್ಟರ್ ನೋಡಿಕೊಳ್ಳುತ್ತಿದ್ದಾರೆ, ನಿನ್ನಿಂದ ಆದದ್ದಲ್ಲ" ಎಂದು ಸರಳವಾಗಿ, ನಿಜವನ್ನೇ ಹೇಳಬೇಕು. ಅಜ್ಜಿಯೋ ಅತ್ತೆಯೋ ಆ ಮಕ್ಕಳನ್ನು ಅವರದೇ ಮನೆಯಲ್ಲಿ ನೋಡಿಕೊಂಡು ಶಾಲೆ ತಪ್ಪದಂತೆ ನೋಡಿದರೆ ಒಳ್ಳೆಯದು.

ವಾರ್ಡ್‌ಗೆ ಬಂದ ಮೇಲೆ

ಮಗುವನ್ನು ವಾರ್ಡ್‌ಗೆ ಕಳಿಸಿದ ದಿನ ಎಲ್ಲರೂ ನಿಟ್ಟುಸಿರು ಬಿಟ್ಟು ಊರಿಗೆ ಮರಳುತ್ತಾರೆ. ಹೆತ್ತವರಿಗೆ ಮಾತ್ರ ಅಂದು ಹೊಸ ಭಯ. ಮಾನಿಟರ್ ಇಲ್ಲ, ನರ್ಸ್ ಆಗಾಗ ಬರುವುದಿಲ್ಲ, ರಾತ್ರಿ ಉಸಿರು ನಿಂತರೆ ಎಂದು ಎಚ್ಚರವಾಗಿಯೇ ಕೂರುತ್ತಾರೆ. ಊಟದ ಸರದಿಯನ್ನು ಆಗಲೂ, ಮನೆಗೆ ಬಂದ ನಂತರದ ಎರಡು ವಾರವೂ ಮುಂದುವರಿಸುವುದು ಒಳ್ಳೆಯದು. ಕೆಲಸಕ್ಕೆ ರಜೆ ಮುಗಿದ ತಂದೆಗೆ, ಮರುಪರೀಕ್ಷೆಗೆ ಒಬ್ಬಳೇ ಹೋಗಬೇಕಾದ ತಾಯಿಗೆ ಜತೆ ಬೇಕಾಗುತ್ತದೆ.

ತಿಂಗಳುಗಳ ನಂತರವೂ ನಿದ್ದೆ ಬಾರದಿರುವುದು, ಆಸ್ಪತ್ರೆಯ ಸದ್ದು ಕಿವಿಯಲ್ಲೇ ಉಳಿಯುವುದು, ಮಗುವನ್ನು ಕ್ಷಣವೂ ಬಿಟ್ಟಿರಲಾಗದಿರುವುದು ಕಂಡರೆ ಅದನ್ನು ದುರ್ಬಲ ಮನಸ್ಸೆಂದು ತಳ್ಳಿಹಾಕಬಾರದು. ಇದಕ್ಕೆ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಮಗು ಎಚ್‌ಡಿಯುನಿಂದ ಐಸಿಯುಗೆ ಹೋಗುವ ಸಂದರ್ಭವೂ, ಕೆಲವೊಮ್ಮೆ ಉಳಿಯದಿರುವ ಸಂದರ್ಭವೂ ಬರುತ್ತದೆ. ಆಗ ಬೇಕಾಗುವುದೂ ಇದೇ: ಊಟ, ನಿದ್ದೆ, ಜತೆಗಿರುವ ಒಬ್ಬರು, ಆರೋಪವಿಲ್ಲದ ಮಾತು. ಬಸದಿ ಸಮಿತಿ ಮತ್ತು ಮಂಡಳಗಳು ಮುಂದಿನ ಸಭೆಯಲ್ಲಿ ಮೂರು ವಿಷಯಗಳನ್ನು ಬರೆದಿಟ್ಟುಕೊಂಡರೆ ಆರಂಭಕ್ಕೆ ಸಾಕು: ಜಿಲ್ಲೆಯ ದೊಡ್ಡ ಆಸ್ಪತ್ರೆಗಳ ಹತ್ತಿರ ಊಟ ಕಳಿಸಬಲ್ಲ ಮನೆಗಳು, ತಂಗಲು ಕೋಣೆ ಕೊಡಬಲ್ಲವರು, ಸರ್ಕಾರಿ ಯೋಜನೆ ಮತ್ತು ವಿಮೆಯ ಕಾಗದಪತ್ರ ಬಲ್ಲವರು.